ಆಕಾಶಮಲ್ಲನ ಸೊಸೆ

ಕದ್ರಿ, ಮಂಗಳೂರು
೧೫ ಜೂನ್ ೧೯೮೦

ಪ್ರಿಯ ಚಿತ್ತರಂಜನ,

“ನಾನು ಇಳಿಯುವುದಿಲ್ಲ, ದೂರ ಹೋಗುವುದೂ ಇಲ್ಲ.” ಆ ಸಾಲು ಹೀಗೆಯೇ ಇತ್ತೇ? ಅಥವಾ “ದೂರ ಹೋಗಲಾರೆ” ಎಂದಿತ್ತೇ? ನೀನು ಕನ್ನಡಕ್ಕೆ ತಂದ ಕಾಮಿಕ್ಸಿನ ಆಕಾಶಮಲ್ಲ ದೀಪಸ್ತಂಭದ ತುದಿಯಲ್ಲಿ ನಿಂತು ಊರನ್ನು ನೋಡುತ್ತಾ ಹೇಳುವ ಮಾತು. ನಿನ್ನೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಹೋಗುವುದಿಲ್ಲ ಎಂದರೆ ಹಟ, ಹೋಗಲಾರೆ ಎಂದರೆ ಪ್ರೀತಿ. ಎರಡರಲ್ಲಿ ಯಾವುದು ಎಂದು ತಿಳಿಯದೆ ನಾನು ಅದನ್ನು ಇಷ್ಟು ವರ್ಷ ಹೇಗೆ ಮೆಚ್ಚಿಕೊಂಡಿದ್ದೆನೋ.

ಅಮ್ಮ ತೀರಿಕೊಂಡು ಬೊಜ್ಜದ ಊಟ ಹಾಕಿದ ದಿನದ ನಂತರ ನಾನು ನಿನಗೆ ಬರೆಯುತ್ತಿರುವುದು ಇದೇ ಮೊದಲು. ಎಂಟು ವರ್ಷದ ಮೇಲೆ ಅಕ್ಕ ಕಾಮಿಕ್ಸ್ ವಿಷಯಕ್ಕೆ ಬರೆದಳು ಎಂದು ನಗಬೇಡ. ಬೇರೆ ಯಾವ ವಿಷಯದಿಂದ ಶುರು ಮಾಡಿದರೂ ನೀನು ಅರ್ಧದಲ್ಲಿ ಮಡಚಿ ಇಡುತ್ತೀ ಎಂದು ನನಗೆ ಗೊತ್ತು.

ಆಕಾಶಮಲ್ಲನ ಸಿನಿಮಾ ಇಲ್ಲಿಗೂ ಬಂತು. ಮಗಳು ಸ್ನೇಹ ಎಳೆದುಕೊಂಡು ಹೋದಳು. ಪಕ್ಕದ ಮನೆಯ ಆಂಬ್ರೋಸ್ ಪೊರ್ಬುಗಳೂ ಬಂದರು. ಹಂಚಿನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಮಧ್ಯಾಹ್ನ ಕಳೆಯುವುದಿಲ್ಲ. ಮೊದಲ ಹತ್ತು ನಿಮಿಷ ನೋಡಿ, “ಇವನಿಗೆ ಹಾರ್ಲಿಕ್ಕೆ ಬರ್ತದೆ ಅಲ್ವಾ ಟೀಚರೇ, ಮತ್ತೆ ಬಸ್ಸಿಗೆ ಯಾಕೆ ಕಾಯ್ತಾನೆ?” ಎಂದು ಕೇಳಿ ನಿದ್ದೆ ಹೋದರು. ಇಡೀ ಟಾಕೀಸಿನಲ್ಲಿ ಅದೊಂದೇ ಸರಿಯಾದ ವಿಮರ್ಶೆ.

ನನ್ನ ವಿಮರ್ಶೆ ಉದ್ದ. ಕಾಮಿಕ್ಸಿನಲ್ಲಿ ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಬಿಳಿ ಜಾಗ ಇರುತ್ತದೆ. ಈ ಚೌಕದಲ್ಲಿ ಅವನು ಗೋಪುರದ ಮೇಲೆ, ಮುಂದಿನದರಲ್ಲಿ ಸಮುದ್ರದ ಮೇಲೆ. ನಡುವಿನ ಹಾರಾಟ ಓದುವವರದು. ಒಳ್ಳೆಯ ಪದ್ಯದಲ್ಲಿ ಒಂದು ಸಾಲು ಮುರಿದು ಇನ್ನೊಂದು ಹುಟ್ಟುವ ಕಡೆ ಇಂಥದೇ ಜಾಗ ಇರುತ್ತದೆ. ಸಿನಿಮಾ ಆ ಜಾಗವನ್ನೆಲ್ಲ ತುಂಬಿಬಿಟ್ಟಿದೆ. ಅವನು ಹಾರುವುದನ್ನು ಪೂರಾ ತೋರಿಸುತ್ತಾರೆ, ನಾವು ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ನಾವಿಬ್ಬರೂ ಸಣ್ಣವರಿದ್ದಾಗ ಬಂದರಿನ ರದ್ದಿ ಅಂಗಡಿಯಿಂದ ಹಡಗಿನವರು ಬಿಸಾಡಿದ ಇಂಗ್ಲಿಷ್ ಕಾಮಿಕ್ಸ್ ತರುತ್ತಿದ್ದೆವಲ್ಲ, ನಡುವಿನ ಹಾಳೆಗಳೇ ಇಲ್ಲದವು. ಆಗ ಅವನು ಎಷ್ಟು ಚೆನ್ನಾಗಿ ಹಾರುತ್ತಿದ್ದ.

ಅದನ್ನೂ ಸಹಿಸಿದೆ. ಆದರೆ ಅವನ ನಿಯಮ? ಕಾವಲು ಕಾಯುವ ಊರಿನ ನೆಲವನ್ನು ಆಕಾಶಮಲ್ಲ ಮುಟ್ಟುವಂತಿಲ್ಲ, ಮುಟ್ಟಿದರೆ ಶಕ್ತಿಯೆಲ್ಲ ಮಣ್ಣಿಗೆ ಇಳಿಯುತ್ತದೆ. ಅದಕ್ಕೇ ಅವನು ಜೀವಮಾನವಿಡೀ ಮನೆಯ ಮಾಡಿನ ಮೇಲೆ, ಕಂಬದ ಮೇಲೆ, ದೋಣಿಯ ಹಾಯಿಪಟದ ಮೇಲೆ ನಿಲ್ಲುವುದು. ಸಿನಿಮಾದ ಕೊನೆಯಲ್ಲಿ ಇಳಿದುಬಿಡುತ್ತಾನೆ. ಒಬ್ಬ ಹೆಂಗಸನ್ನು ತಬ್ಬಿಕೊಳ್ಳಲಿಕ್ಕೆ. ಏನೂ ಆಗುವುದಿಲ್ಲ. ಬ್ಯಾಂಡು ಬಾರಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಎದ್ದು ಹೊರಗೆ ಬಂದೆ. ನಿಯಮ ಇಲ್ಲದ ವೀರ ಬರೀ ಗಟ್ಟಿ ಮನುಷ್ಯ.

ಇನ್ನೊಂದು ಉಂಟು. ಅವನ ಜೊತೆ ಇರುವ ಮುಖವಾಡದ ಮಗು, ಕಿಡಿ, ನಿನ್ನ ಕನ್ನಡದಲ್ಲಿ ಆಕಾಶಮಲ್ಲನ ಸೋದರಸೊಸೆ. ಸ್ನೇಹ ಎಂಟು ವರ್ಷದವಳಿದ್ದಾಗಿನಿಂದ ಹಾಗೆಂದೇ ಓದಿದವಳು. ಸಿನಿಮಾದಲ್ಲಿ ಕಿಡಿ ಮುಖವಾಡ ತೆಗೆಯುತ್ತದೆ. ಹುಡುಗ. ಅವನ ಮಗ. ನಾವಿಬ್ಬರೂ ಕತ್ತಲೆಯಲ್ಲಿ ಮುಖ ಮುಖ ನೋಡಿಕೊಂಡೆವು.

ಇದು ಏನು, ಚಿತ್ತ?

ನಿನ್ನ ಅಕ್ಕ,
ಶಶಿಪ್ರಭಾ


ಬೊಂಬಾಯಿ
೪ ಜುಲೈ ೧೯೮೦

ಅಕ್ಕಾ,

“ಹೋಗುವುದೂ ಇಲ್ಲ” ಎಂದೇ ನಾನು ಬರೆದದ್ದು. ಅಚ್ಚಾದದ್ದು “ಹೋಗಲಾರೆ.” ನಮ್ಮಲ್ಲಿ ಬಲೂನಿನೊಳಗೆ ಅಕ್ಷರ ಬರೆಯುವವನು ಎಡ್ವಿನ್, ನಮ್ಮ ಊರಿನವನೇ, ಕಂಕನಾಡಿಯವನು. ಇಂಗ್ಲಿಷಿನವರು ಮಾತಿಗೆ ಬಿಡುವ ಬಲೂನು ಕನ್ನಡಕ್ಕೆ ಯಾವತ್ತೂ ಸಾಲುವುದಿಲ್ಲ. ಅವನು ಬಣ್ಣದ ಬ್ರಷ್ಷು ಹಿಡಿದು, “ನಿಮ್ಮ ಮಲ್ಲ ಸ್ವಲ್ಪ ಕಡಿಮೆ ಮಾತಾಡ್ಲಿ ಮಾರಾಯ್ರೇ, ಅವನ ತಲೆ ಮುಚ್ಚಿ ಹೋಗ್ತದೆ” ಎನ್ನುತ್ತಾ ತನಗೆ ಬೇಕಾದಲ್ಲಿ ಕತ್ತರಿಸುತ್ತಾನೆ. ಹಾಗಾಗಿ ಹಟ ನನ್ನದು, ಪ್ರೀತಿ ಎಡ್ವಿನ್‌ನದು.

ಈಗ ಕಿಡಿಯ ವಿಷಯ. ಮೊದಲ ಸಂಚಿಕೆ ನನ್ನ ಮೇಜಿಗೆ ಬಂದಾಗ ಇಂಗ್ಲಿಷಿನಲ್ಲಿ ಸಂಬಂಧ ಏನೆಂದು ಹೇಳಿರಲೇ ಇಲ್ಲ. ಮುಖವಾಡ ಹಾಕಿದ ಒಂದು ಮಗು. ಆಕಾಶಮಲ್ಲ ಅದರ ಹೆಗಲ ಮೇಲೆ ಕೈಯಿಟ್ಟು, ನನ್ನ ನಂತರ ಈ ಆಕಾಶ ನಿನ್ನದು, ಎನ್ನುತ್ತಾನೆ. ನನ್ನ ನಂತರ ನಿನ್ನದು ಎಂದು ಒಬ್ಬ ಗಂಡಸು ಯಾರಿಗೆ ಹೇಳುತ್ತಾನೆ? ಅಕ್ಕನ ಮಗಳಿಗೆ. ಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ನಮ್ಮ ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದ ನನಗೆ ಅದರಲ್ಲಿ ಯೋಚಿಸುವಂಥದು ಏನೂ ಕಾಣಲಿಲ್ಲ. ಬರೆದೆ, ಎಡ್ವಿನ್ ಗೊಣಗುತ್ತಾ “ಸೋದರಸೊಸೆ” ಎಂಬುದನ್ನು ಇರುವೆ ಸಾಲಿನ ಹಾಗೆ ತುರುಕಿದ, ಅಚ್ಚಾಯಿತು. ಒಂದು ವರ್ಷದ ಮೇಲೆ ಇಂಗ್ಲಿಷಿನವರು ಅದು ಅವನ ಮಗ ಎಂದರು. ಅಷ್ಟರಲ್ಲಿ ಕನ್ನಡದಲ್ಲಿ ಅವಳು ಕುದುರೆ ಹತ್ತಿದ್ದಳು, ಹಡಗು ಮುಳುಗಿಸಿದ್ದಳು. ಹೇಗೆ ಹಿಂದೆ ತೆಗೆದುಕೊಳ್ಳಲಿ? ಸಂಪಾದಕರಿಗೆ ಕನ್ನಡ ಬಾರದು. ನಾನೂ ಸುಮ್ಮನಾದೆ.

ಸಿನಿಮಾ ಇಲ್ಲಿ ಬಂದ ಮೇಲೆ ಧಾರವಾಡದ ಒಬ್ಬಳು ಹುಡುಗಿ ಕಚೇರಿಗೆ ಕಾರ್ಡು ಬರೆದಿದ್ದಾಳೆ. ಸಿನಿಮಾದವರಿಗೆ ತಪ್ಪು ತಿಳಿದಿದೆ, ದಯವಿಟ್ಟು ತಿದ್ದಿ ಹೇಳಿ, ಎಂದು.

ನಿಯಮದ ಬಗ್ಗೆ ನೀನು ಬರೆದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ಈಗಿನ ವೀರರೆಲ್ಲ ಹಾಗೆಯೇ. ಆ ಬೂದುತೋಳನನ್ನು ನೋಡು, ಕಳ್ಳನನ್ನು ಹಿಡಿಯುವುದು ಒಂದು ಪುಟ, ಉಪದೇಶ ನಾಲ್ಕು ಪುಟ. ಮಿಂಚುಲತೆ ಕಬ್ಬಿಣ ಕತ್ತರಿಸಬಲ್ಲಳು, ಆದರೂ ಪ್ರತಿ ತಿಂಗಳು ಯಾರೋ ಅವಳನ್ನು ಹಗ್ಗದಲ್ಲಿ ಕಟ್ಟಿ ಹಾಕುತ್ತಾರೆ. ಯಾರಿಗೂ ನಿಯಮ ಇಲ್ಲ.

ಮನೆಯ ಬಗ್ಗೆ ನೀನು ಬರೆಯಲಿಲ್ಲ. ನಾನು ಕೇಳುವುದಿಲ್ಲ.

ಚಿತ್ತ


ಕದ್ರಿ
೩೦ ಆಗಸ್ಟ್ ೧೯೮೦

ಪ್ರಿಯ ಚಿತ್ತ,

ನೀನು ಕೇಳದಿದ್ದರೂ ಬರೆಯುತ್ತೇನೆ. ಸ್ನೇಹಳ ಮದುವೆ ನಿಶ್ಚಯವಾಯಿತು. ಹುಡುಗ ಮೋಹನದಾಸ, ಹುಬ್ಬಳ್ಳಿಯಲ್ಲಿ ಅವನ ಮಾವನ ಹೋಟೆಲು ನೋಡಿಕೊಳ್ಳುತ್ತಾನೆ. ಕಾಮಿಕ್ಸ್ ಓದುತ್ತೀರಾ ಎಂದು ಇವಳು ಕೇಳಿದ್ದಕ್ಕೆ, ಇಲ್ಲ, ಆದರೆ ಓದುವವರನ್ನು ತಡೆಯುವುದಿಲ್ಲ ಎಂದನಂತೆ. ಅಷ್ಟು ಸಾಕು ಎಂದಳು. ಜನವರಿ ಹದಿನೆಂಟಕ್ಕೆ, ಮನೆಯ ಅಂಗಳದಲ್ಲೇ ಚಪ್ಪರ.

ಮದುಮಗಳನ್ನು ಒಳಗಿನಿಂದ ಕೈ ಹಿಡಿದು ಹೊಸ್ತಿಲು ದಾಟಿಸಿ ಚಪ್ಪರಕ್ಕೆ ಕರೆತರುವುದು ಸೋದರಮಾವ. ಇದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ದೊಡ್ಡಣ್ಣ ತಾರಾನಾಥ ತಾನೇ ನಿಲ್ಲುತ್ತೇನೆ ಎಂದು ಬಂದ. ಜಗಲಿಯಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಾ ಹೇಳಿದ, ಸ್ನೇಹ ಒಳಗಿನಿಂದ ಕೇಳಿಸಿಕೊಂಡಳು.

“ದೊಡ್ಡಮಾವ, ನೀವು ಬೇಡ,” ಎಂದಳು.

“ಯಾಕೆ? ನನ್ನ ಕೈಗೆ ಎಂತ ಆಗಿದೆ?”

“ಕೈಗೆ ಎಂತ ಆಗ್ಲಿಲ್ಲ. ನಿಮ್ಮ ಬಾಯಿಗೆ ಅವತ್ತು ಆದದ್ದು ನನಗೆ ನೆನಪುಂಟು.”

“ಅವತ್ತು ನಿನಗೆ ಹದಿನಾಲ್ಕು. ಎಂತ ನೆನಪು?”

“ಎಲ್ಲ ಉಂಟು. ಮನೆಗೆಲಸದ ಬಾಗಿ ಬಡಿಸ್ತಾ ಇದ್ದಳು, ಅವಳ ಕೈಯ ಪಾಯಸ ಚೆಲ್ಲಿತು, ಅದೂ ಉಂಟು. ಚಿತ್ತಮಾವ ಬಂದ್ರೆ ಅವರ ಕೈ ಹಿಡೀತೇನೆ. ಇಲ್ಲದಿದ್ರೆ ನಾನೇ ನಡ್ಕೊಂಡು ಬರ್ತೇನೆ. ನನಗೆ ಕಾಲು ಉಂಟು.”

ತಾರಾನಾಥಣ್ಣ ಎದ್ದು ಹೋದ. ಹುಡುಗಿ ಒಬ್ಬಳೇ ನಡೆದು ಬಂದರೆ ಹುಬ್ಬಳ್ಳಿಯವರು ಏನು ತಿಳಿಯುತ್ತಾರೆ? ಮಾವಂದಿರು ಇಬ್ಬರಿದ್ದೂ ಒಬ್ಬನೂ ಅವಳನ್ನು ಕೊಡಲಿಲ್ಲ ಎಂದು. ಮೂರು ವರ್ಷಕ್ಕೆ ಅಪ್ಪನನ್ನು ಕಳೆದುಕೊಂಡವಳು. ನನಗೆ ಕೂತಲ್ಲಿ ಕೂರಲಿಕ್ಕಾಗುತ್ತಿಲ್ಲ. ಪದ್ಯದ ಪುಸ್ತಕ ತೆಗೆದರೆ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವುದರೊಳಗೆ ಎದ್ದು ಬಾಗಿಲಿಗೆ ಹೋಗಿ ಬರುತ್ತೇನೆ. ತರಗತಿಯಲ್ಲಿ ಒಂದೇ ಪುಟವನ್ನು ಎರಡು ಸಲ ಪಾಠ ಮಾಡಿದೆನಂತೆ, ಹುಡುಗಿಯರು ಸುಮ್ಮನೆ ಬರೆದುಕೊಂಡರು.

ಅಣ್ಣ ಅವತ್ತು ಹೇಳಿದ್ದು ಕೆಟ್ಟ ಮಾತು. ಅಮ್ಮನ ಬೊಜ್ಜಕ್ಕೆ ಬಂದ ಜನರೆದುರು, “ಮಕ್ಕಳ ಚಿತ್ರದ ಪುಸ್ತಕದಲ್ಲಿ ಹೊಟ್ಟೆ ಹೊರೆಯುವವನಿಗೆ ಈ ಮನೆಯ ಮಾತಿನಲ್ಲಿ ಎಂತ ಕೆಲಸ” ಎಂದ. ನೀನು ಕೈ ತೊಳೆಯದೆ ಎದ್ದೆ. ಆದರೆ ಎಂಟು ವರ್ಷ ಆಯಿತು, ಚಿತ್ತ. ಈ ಎಂಟು ವರ್ಷ ನೀನು ನಮಗೆ ಬರೆಯಲಿಲ್ಲ, ತಿಂಗಳಿಗೊಮ್ಮೆ ಕಿಡಿಗೆ ಬರೆದೆ. ಅದನ್ನು ಓದುವವಳು ಯಾರೆಂದು ನಿನಗೆ ಗೊತ್ತಿತ್ತು.

ಬಾ.

ಅಕ್ಕ


ಬೊಂಬಾಯಿ
೨೨ ಸೆಪ್ಟೆಂಬರ್ ೧೯೮೦

ಅಕ್ಕಾ,

ಹುಡುಗ ಒಳ್ಳೆಯವನೆಂದು ಕಾಣುತ್ತದೆ. ತಡೆಯದವರು ಸಿಗುವುದು ಕಷ್ಟ.

ನಾನು ಅವತ್ತು ತೀರಿಹೋದ ಅಮ್ಮನ ಹೆಸರಿನಲ್ಲಿ ಬಡಿಸಿದ ಎಲೆಯ ಮುಂದೆ ನಿಂತು ಹೇಳಿದ ಮಾತು ಏನೆಂದು ನಿನಗೆ ನೆನಪಿರಬೇಕು. ಈ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದೆ. ತಾರಾನಾಥನಿಗೆ ಹೇಳಿದ್ದಾದರೆ ಈಗ ನುಂಗಿಕೊಳ್ಳುತ್ತಿದ್ದೆ. ಎಲೆಯ ಮುಂದೆ ಹೇಳಿದ್ದು. ಅದನ್ನು ಕೇಳಿಸಿಕೊಂಡವಳು ಅಮ್ಮ, ಬಿಡುಗಡೆ ಕೊಡಲು ಅವಳು ಇಲ್ಲ.

ನೀನೇ ಬರೆದೆಯಲ್ಲ, ಆಕಾಶಮಲ್ಲ ಇಳಿದದ್ದನ್ನು ನೋಡಿ ಎದ್ದು ಬಂದೆ ಎಂದು. ತಬ್ಬಿಕೊಳ್ಳಲಿಕ್ಕಾಗಿ ನಿಯಮ ಮುರಿದವನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ನೀನು ತಟ್ಟಲಿಲ್ಲ. ಈಗ ನನ್ನನ್ನು ಇಳಿ ಎನ್ನುತ್ತೀ. ನಿಯಮ ಇಲ್ಲದ ಮನುಷ್ಯ ಬರೀ ಗಟ್ಟಿ ಮನುಷ್ಯ ಎಂದಾದರೆ, ನಾನು ಗಟ್ಟಿಯೂ ಅಲ್ಲವಲ್ಲ ಅಕ್ಕಾ. ಎರಡು ಸಲ ಕನ್ನಡಕ ಬದಲಾಯಿತು, ಮೆಟ್ಟಿಲು ಹತ್ತಿದರೆ ಉಸಿರು ಸಾಲುವುದಿಲ್ಲ. ನನ್ನ ಹತ್ತಿರ ಇರುವುದು ಅದೊಂದೇ.

ಅವಳಿಗೆ ನನ್ನ ಆಶೀರ್ವಾದ ತಿಳಿಸು.

ಚಿತ್ತ


ಮಂಗಳೂರು
೯ ನವೆಂಬರ್ ೧೯೮೦

ಚಿತ್ತಮಾವನಿಗೆ ಸ್ನೇಹಲತಾ ಮಾಡುವ ನಮಸ್ಕಾರಗಳು.

ನಿಮ್ಮ ಆಶೀರ್ವಾದ ತಲುಪಿತು. ಅಂಚೆಯಲ್ಲಿ ಬಂದದ್ದರಿಂದ ಸ್ವಲ್ಪ ಮುದುಡಿತ್ತು.

ಅಮ್ಮ ನಿಮ್ಮ ಪತ್ರ ಓದಿ ಮಡಚಿ ಇಟ್ಟರು. ರಾಶಿಯಿಂದ ಹಳೆಯ ಸಂಚಿಕೆಗಳನ್ನು ತೆಗೆದು ಒಂದೊಂದಾಗಿ ಓದುತ್ತಿದ್ದಾರೆ, ಪರೀಕ್ಷೆಗೆ ಓದುವ ಹಾಗೆ. ಎಂತ ಹುಡುಕ್ತೀರಿ ಎಂದು ಕೇಳಿದರೆ ಹೇಳುವುದಿಲ್ಲ.

ಕಿಡಿ ಹುಡುಗ ಎಂದು ತಿಳಿದದ್ದರಿಂದ ನನಗೆ ಬೇಸರ ಆಗಿದೆ ಎಂದು ನೀವು ಯೋಚಿಸಿದರೆ, ಆಗಲಿಲ್ಲ. ಇಂಗ್ಲಿಷಿನಲ್ಲಿ ಅವನು ಏನು ಬೇಕಾದರೂ ಆಗಲಿ. ನಾನು ಎಂಟನೇ ಕ್ಲಾಸಿನಲ್ಲಿ ಬೆಂಗ್ರೆಗೆ ಹೋಗುವ ದೋಣಿಯಿಂದ ನೀರಿಗೆ ಹಾರಿದ್ದು ಕಿಡಿ ಹಾರಿದಳು ಎಂದು, ಹಾರಿದ ಎಂದು ಅಲ್ಲ. ಬೈಗಳು ನಾನೇ ತಿಂದದ್ದು. ಆಗ ಅಮ್ಮ ಬೈಯುತ್ತಾ ಬೈಯುತ್ತಾ, ಕಿಡಿ ಹಾರುವ ಮೊದಲು ಈಜು ಕಲಿತಿದ್ದಳು, ಹಿಂದಿನ ಸಂಚಿಕೆ ಸರಿಯಾಗಿ ಓದು, ಎಂದದ್ದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ನಿಮ್ಮ ಆಣೆ ಮುರಿಯಿರಿ ಎಂದು ನಾನು ಕೇಳುವುದಿಲ್ಲ. ಆದರೆ ಆಕಾಶಮಲ್ಲ ಒಂದು ಸಂಚಿಕೆಯಲ್ಲೂ ನೆಲ ಮುಟ್ಟಲಿಲ್ಲ, ಒಂದು ಸಂಚಿಕೆಯಲ್ಲೂ ಬಾರದೆ ಇರಲಿಲ್ಲ. ಎರಡನ್ನೂ ನೀವೇ ಬರೆದದ್ದು.

ಒಬ್ಬಳೇ ನಡೆಯುವುದು ನನಗೆ ಕಷ್ಟ ಅಲ್ಲ. ಅಮ್ಮನಿಗೆ ಕಷ್ಟ.

ನಿಮ್ಮ ಸೊಸೆ,
ಸ್ನೇಹ


ಕದ್ರಿ
೧೦ ಜನವರಿ ೧೯೮೧

ಚಿತ್ತ,

ಸ್ನೇಹಳ ಪತ್ರಕ್ಕೆ ಉತ್ತರ ಬರಲಿಲ್ಲ. ಚಪ್ಪರಕ್ಕೆ ಕಂಬ ನೆಟ್ಟಾಯಿತು. ತಾರಾನಾಥಣ್ಣ ರೇಷ್ಮೆ ಶಾಲು ಇಸ್ತ್ರಿಗೆ ಕೊಟ್ಟಿದ್ದಾನೆ, ನನ್ನ ಹತ್ತಿರ ಹೇಳದೆ. ಕೊನೆಯ ಗಳಿಗೆಯಲ್ಲಿ ಹುಡುಗಿ ಬಗ್ಗುತ್ತಾಳೆ ಎಂದು ಅವನ ಲೆಕ್ಕ. ಅವಳು ಬಗ್ಗುವುದಿಲ್ಲ ಎಂದು ನನಗೆ ಗೊತ್ತು, ಇಬ್ಬರ ನಡುವೆ ನಾನು ಅಡಿಗೆಯವರಿಗೆ ತೆಂಗಿನಕಾಯಿ ಎಣಿಸಿ ಕೊಡುತ್ತಾ ಎಣಿಕೆ ತಪ್ಪುತ್ತೇನೆ.

ಹಳೆಯ ಸಂಚಿಕೆಗಳಲ್ಲಿ ನಾನು ಏನು ಹುಡುಕುತ್ತಿದ್ದೆ ಎಂದು ಹೇಳುತ್ತೇನೆ. ಅವನು ಇಳಿಯದೆ ಹೇಗೆ ಬರುತ್ತಾನೆ ಎಂದು. ಪ್ರತಿ ಸಲವೂ ಬೇರೆ ದಾರಿ. ಒಮ್ಮೆ ದೋಣಿ, ಒಮ್ಮೆ ಒಣಗಲು ಹಾಕಿದ ಬಲೆ, ಒಮ್ಮೆ ಆನೆಯ ಬೆನ್ನು. ನಿಯಮ ಮಾಡಿದವರು ಅದರಲ್ಲಿ ಒಂದು ಕಿಂಡಿ ಬಿಟ್ಟೇ ಮಾಡಿರುತ್ತಾರೆ. ಕಿಂಡಿ ಇಲ್ಲದಿದ್ದರೆ ಎರಡನೇ ಸಂಚಿಕೆಯೇ ಇರುತ್ತಿರಲಿಲ್ಲ. ಸಿನಿಮಾದವರ ಮೇಲೆ ನನಗೆ ಸಿಟ್ಟು ಬಂದದ್ದು ಅವನು ಇಳಿದ ಎಂದಲ್ಲ. ಕಿಂಡಿ ಹುಡುಕುವ ಕಷ್ಟವನ್ನು ತೆಗೆದುಕೊಳ್ಳಲಿಲ್ಲ ಎಂದು. ಇದು ನನಗೆ ಜೂನಿನಲ್ಲಿ ತಿಳಿದಿರಲಿಲ್ಲ, ಈಗ ತಿಳಿಯಿತು.

ನಿನ್ನ ಆಣೆಯಲ್ಲಿ ಕಿಂಡಿ ಎಲ್ಲಿ ಎಂದು ನಾನು ಎಷ್ಟು ಯೋಚಿಸಿದರೂ ಕಾಣುತ್ತಿಲ್ಲ. ಕಿಟಕಿಯಿಂದ ಬಾ ಎನ್ನುವ ವಯಸ್ಸು ನಿನ್ನದಲ್ಲ. ಮದುಮಗಳು ಮನೆಯೊಳಗಿನಿಂದಲೇ ಹೊರಡಬೇಕು. ಒಳಗಿನಿಂದ ಕರೆತರುವವನು ಒಳಗೆ ಬರಲೇಬೇಕು. ಎಲ್ಲಿಂದ ಎಣಿಸಿದರೂ ಹೊಸ್ತಿಲಿಗೇ ಬಂದು ನಿಲ್ಲುತ್ತೇನೆ.

ಈ ಪತ್ರ ನಿನಗೆ ಸಮಯಕ್ಕೆ ಸಿಗುತ್ತದೋ ಇಲ್ಲವೋ. ಸಿಕ್ಕಿದರೆ ನೀನೂ ಒಮ್ಮೆ ಹುಡುಕು.

ಶಶಿ


ಕದ್ರಿ
೨೫ ಜನವರಿ ೧೯೮೧

ಪ್ರಿಯ ಚಿತ್ತ,

ನಿನ್ನೆ ಚಪ್ಪರ ಬಿಚ್ಚಿದರು. ಅಂಗಳ ಎರಡು ಪಟ್ಟು ದೊಡ್ಡದಾದ ಹಾಗೆ ಕಾಣುತ್ತದೆ. ಸ್ನೇಹ ಹುಬ್ಬಳ್ಳಿಗೆ ಹೋಗುವಾಗ ಕಾಮಿಕ್ಸಿನ ಪೆಟ್ಟಿಗೆ ತೆಗೆದುಕೊಂಡು ಹೋದಳು, ಚಿನ್ನದ ಪೆಟ್ಟಿಗೆ ಮರೆತಳು. ಅದನ್ನು ಬಾಗಿಯ ಮಗನ ಕೈಯಲ್ಲಿ ಬಸ್ಸಿಗೆ ಓಡಿಸಿ ತಲುಪಿಸಿದ್ದಾಯಿತು.

ಮದುವೆಯ ಬೆಳಿಗ್ಗೆ ಮನೆಯೊಳಗೆ ಹೇಗಿತ್ತು ಎಂದು ನಿನಗೆ ತಿಳಿಯಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ವಾದ್ಯದವರು ಬಂದು ಶ್ರುತಿ ಕೂಡಿಸುತ್ತಿದ್ದರು. ಸ್ನೇಹ ಒಳಕೋಣೆಯಲ್ಲಿ ಮಲ್ಲಿಗೆ ಮುಡಿದು, ಸೀರೆ ಉಟ್ಟು, ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದಳು. ತಾರಾನಾಥಣ್ಣ ಶಾಲು ಹೊದ್ದು ಬಾಗಿಲ ಬಳಿ ಬಂದ.

“ಹುಬ್ಬಳ್ಳಿಯವರ ಕಾರು ಪಂಪ್‌ವೆಲ್ ದಾಟಿತಂತೆ. ಈಗ ಹಟ ಬೇಡ ಮಗಾ.”

“ಹಟ ಅಲ್ಲ ದೊಡ್ಡಮಾವ. ನಾನು ನಡೀತೇನೆ ಅಂತ ಆಗಸ್ಟಿನಲ್ಲೇ ಹೇಳಿದ್ದೇನೆ.”

“ಜನ ಎಂತ ಹೇಳಿಯಾರು?”

“ಅವತ್ತು ಜನರೆದುರು ಹೇಳುವಾಗ ನಿಮಗೆ ಇದು ನೆನಪಾಗ್ಬೇಕಿತ್ತು.”

ಅಣ್ಣ ನನ್ನ ಮುಖ ನೋಡಿದ. ಅವನ ಕಣ್ಣು ಕೆಂಪಾಗಿತ್ತು, ಸಿಟ್ಟಿನಿಂದ ಎಂದು ಮೊದಲು ತಿಳಿದೆ. ಆಮೇಲೆ ಮೆಲ್ಲಗೆ, “ಅವನಿಗೆ ನಾನೂ ಒಂದು ಕಾರ್ಡು ಹಾಕಿದ್ದೆ. ಬರಲಿಲ್ಲ ಅಲ್ವಾ,” ಎಂದ. ಶಾಲು ತೆಗೆದು ಮಡಚಿ ಕುರ್ಚಿಯ ಮೇಲೆ ಇಟ್ಟ. ಆ ಮಡಚಿದ ಶಾಲನ್ನು ನೋಡುತ್ತಾ ನನಗೆ ಒಂದು ಗಳಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಇನ್ನು ಹುಡುಗಿ ಒಬ್ಬಳೇ ನಡೆಯುವುದು, ನಾನು ಹಿಂದಿನಿಂದ ನೋಡುವುದು, ಅಷ್ಟೇ ಎಂದುಕೊಂಡೆ. ಅವಳು ನನ್ನ ಕೈ ಹಿಡಿದು, “ಅಮ್ಮ, ಇದು ಆ ಬಿಳಿ ಜಾಗ. ನೀವೇ ತುಂಬಿಸಿ,” ಎಂದಳು. ನನಗೆ ಏನೂ ತುಂಬಿಸಲಿಕ್ಕೆ ಬರಲಿಲ್ಲ.

ಆಗ ಹಿಂದಿನ ಬಾಗಿಲು ಯಾರೋ ತಟ್ಟಿದರು. ಹಾಲಿನವಳೆಂದು ತಿಳಿದು ನಾನು ಪಾತ್ರೆ ಹಿಡಿದೇ ಹೋದೆ.

ಪುಟ ಮುಗಿಯಿತು. ಉಸಿರಿನ ಔಷಧ ತಪ್ಪಿಸಬೇಡ. ಎಡ್ವಿನ್‌ಗೆ ನನ್ನ ನಮಸ್ಕಾರ ಹೇಳು, ಅವನು ಕತ್ತರಿಸಿದ್ದೇ ಸರಿ ಎಂದು ಹೇಳು.

ನಿನ್ನ ಅಕ್ಕ,
ಶಶಿಪ್ರಭಾ

ಇನ್‌ಲ್ಯಾಂಡ್ ಪತ್ರದ ಮಡಿಕೆಯಲ್ಲಿ ಇನ್ನೂ ನಾಲ್ಕು ಸಾಲಿಗೆ ಜಾಗ ಉಂಟು. ಬಾಗಿಲಲ್ಲಿ ನಿಂತಿದ್ದವರು ಆಂಬ್ರೋಸ್ ಪೊರ್ಬುಗಳು, ಭಾನುವಾರದ ಪೂಜೆಗೆ ಇಗರ್ಜಿಗೆ ಹೋಗುವ ಕೋಟು ಹಾಕಿಕೊಂಡು. ಆಮೇಲಿನದು ನಿನಗೇ ಗೊತ್ತು, ಅವರು ನನಗೆ ಹೇಳಿದ್ದು ಇಷ್ಟು: “ಟೀಚರೇ, ನಿಮ್ಮ ತಮ್ಮ ಬೆಳಿಗ್ಗೆ ಬೊಂಬಾಯಿ ಬಸ್ಸಿನಲ್ಲಿ ಬಂದು ನಮ್ಮ ಜಗಲಿಯಲ್ಲಿ ಕೂತಿದ್ದಾರೆ, ಕಾಫಿಯೂ ಕುಡಿಯುವುದಿಲ್ಲ, ಒಳಗೂ ಬರುವುದಿಲ್ಲ. ನಾನು ಕೇಳಿದೆ, ಆಣೆ ಹಾಕಿದ್ದು ಟೀಚರ ಹೊಸ್ತಿಲಿಗಾ, ನಮ್ಮದಕ್ಕಾ ಅಂತ. ಆಗ ಎದ್ದು ಚಪ್ಪಲಿ ಬಿಟ್ಟಿದ್ದಾರೆ. ಹುಡುಗಿಯನ್ನು ಬೇಗ ನಮ್ಮ ಮನೆಗೆ ಕಳಿಸಿ, ನಮ್ಮ ಒಳಗಿನಿಂದ ಅವರೇ ಕೈ ಹಿಡಿದು ಚಪ್ಪರಕ್ಕೆ ಕರ್ಕೊಂಡು ಬರ್ಲಿ.”